ಎಣಿಸದ ಉಸಿರು

ಮೂಳೆ ವಾರ್ಡಿನಲ್ಲಿ ಮೂವತ್ತು ಮಂಚ, ಒಬ್ಬಳೇ ದೊಡ್ಡ ಸಿಸ್ಟರ್. ಕಾಗದದ ಮೇಲೆ ಮೂವರಿದ್ದರು. ಒಬ್ಬಳು ಹೆರಿಗೆ ರಜೆಯಲ್ಲಿದ್ದಳು. ಇನ್ನೊಬ್ಬಳನ್ನು ಬೆಳಗ್ಗೆ ಏಳಕ್ಕೇ “ಒಂಚೂರು ಹೊತ್ತು ಕಳ್ಸಿ” ಎಂದು ಮೇಲಿನ ಮಹಡಿಯವರು ಎಳೆದುಕೊಂಡು ಹೋಗಿದ್ದರು. ಆ ಒಂಚೂರು ಹೊತ್ತು ಎಂದರೆ ಎಷ್ಟು ಎಂಬುದು ಆಸ್ಪತ್ರೆಯಲ್ಲಿ ದುಡಿದವರಿಗೆ ಗೊತ್ತು. ಹೋಗುವಾಗ ಅವಳು ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಕ್ಲಿಪ್ಪನ್ನೂ ಒಯ್ದಿದ್ದಳು. ಇಡೀ ವಾರ್ಡಿಗೆ ಇದ್ದದ್ದು ಅದೊಂದೇ. ಹನ್ನೊಂದು ದಿನದಿಂದ ವಾರದ ರಜೆಯ ಮುಖ ಕಾಣದ ದೊಡ್ಡ ಸಿಸ್ಟರ್ ಸೋತು ಸುಣ್ಣವಾಗಿದ್ದಳು. ಪಾದ ಊದಿಕೊಂಡು, ಬೂಟಿನ ದಾರ ಬಿಚ್ಚಿಕೊಂಡೇ ಓಡಾಡುತ್ತಿದ್ದಳು.

ಅವಳು ಕೆಟ್ಟವಳಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಹದಿನೆಂಟು ವರ್ಷದಲ್ಲಿ ಒಬ್ಬ ರೋಗಿಗೂ ಏರುದನಿಯಲ್ಲಿ ಮಾತಾಡಿದವಳಲ್ಲ. ಔಷಧಿ ಕೊಡುವಾಗ ಶೀಶೆಯ ಮೇಲಿನ ಹೆಸರನ್ನು ಮೂರು ಸಲ ಓದುತ್ತಿದ್ದಳು. ಬೇರೆಯವರು ಮೂಗು ಮುಚ್ಚಿಕೊಳ್ಳುವ ಹುಣ್ಣುಗಳನ್ನು ಮಾತಾಡುತ್ತಾ ತೊಳೆಯುತ್ತಿದ್ದಳು. ಅವಳ ತಪ್ಪು ಒಂದೇ. ಆ ತಪ್ಪು ಅವಳೊಬ್ಬಳದೂ ಅಲ್ಲ ಎನ್ನಿ.

ಪ್ರತಿ ಮಂಚದ ಕಾಲಿಗೂ ಒಂದು ಚಾರ್ಟ್ ತೂಗುತ್ತದೆ. ನಾಲ್ಕು ಗಂಟೆಗೊಮ್ಮೆ ಜ್ವರ, ಬಿಪಿ, ನಾಡಿ, ಉಸಿರು ಬರೆಯಬೇಕು. ಮೊದಲ ಮೂರಕ್ಕೆ ಯಂತ್ರವಿದೆ, ಒತ್ತಿದರೆ ಅಂಕಿ ಬರುತ್ತದೆ. ಉಸಿರಿಗೆ ಯಂತ್ರವಿಲ್ಲ. ಗಡಿಯಾರ ಹಿಡಿದು, ರೋಗಿಯ ಎದೆಯನ್ನೇ ನೋಡುತ್ತಾ, ಪೂರ್ತಿ ಒಂದು ನಿಮಿಷ ಸುಮ್ಮನೆ ನಿಲ್ಲಬೇಕು. ಮೂವತ್ತು ಮಂಚಕ್ಕೆ ಮೂವತ್ತು ನಿಮಿಷ! ತಲೆ ಕೆರೆದುಕೊಳ್ಳಲು ಪುರಸೊತ್ತಿಲ್ಲದವಳಿಗೆ ಅಷ್ಟು ನಿಮಿಷ ಎಲ್ಲಿಂದ ಬರಬೇಕು? ಹಾಗಾಗಿ ಎಲ್ಲರೂ ಆರೋಗ್ಯವಂತರ ಲೆಕ್ಕದಲ್ಲಿ ಇಪ್ಪತ್ತು ಎಂದು ಬರೆಯುತ್ತಿದ್ದರು. ಕಾಲು ಮುರಿದ ಪೈಲ್ವಾನನಿಗೂ ಇಪ್ಪತ್ತು, ಸೊಂಟ ಮುರಿದ ಅಜ್ಜಿಗೂ ಇಪ್ಪತ್ತು. ಹೊಸದಾಗಿ ಸೇರಿದ ಹುಡುಗಿಯರು ನಿಂತು ಎಣಿಸುವುದನ್ನು ಕಂಡರೆ ದೊಡ್ಡ ಸಿಸ್ಟರೇ ನಗುತ್ತಿದ್ದಳು. “ಉಸಿರಾಡ್ತಿದ್ದಾರಲ್ಲ, ಸಾಕು ಬಾರೇ,” ಎನ್ನುತ್ತಿದ್ದಳು.

ಹನ್ನೆರಡನೇ ಮಂಚದಲ್ಲಿ ದರ್ಜಿ ತಾತ ಇದ್ದ. ಬಚ್ಚಲಲ್ಲಿ ಜಾರಿ ತೊಡೆಮೂಳೆ ಮುರಿದುಕೊಂಡಿದ್ದ. ಆಪರೇಷನ್ ಆಗಿ ಮೂರು ದಿನ. ಮಹಾ ಬಾಯಿಬಡುಕ. ಅವನ ಕಣ್ಣಿಗೆ ಲೋಕದಲ್ಲಿ ನೆಟ್ಟಗೆ ಹೊಲಿದ ಬಟ್ಟೆಯೇ ಇರಲಿಲ್ಲ. ಡಾಕ್ಟರ ಕಾಲರನ್ನೂ ಬಿಡುತ್ತಿರಲಿಲ್ಲ, ಕಿಟಕಿಯ ಪರದೆಯನ್ನೂ ಬಿಡುತ್ತಿರಲಿಲ್ಲ. ದಿನವೂ ದೊಡ್ಡ ಸಿಸ್ಟರನ್ನು ಕಂಡೊಡನೆ, “ಸಿಸ್ಟರಮ್ಮಾ, ಆ ತೋಳು ಹೊಲ್ದಿದ್ದು ಮನುಷ್ಯನೇನಾ? ಬಿಚ್ಚಿ ಕೊಡಿ, ಮಲ್ಗಿದ್ದಲ್ಲೇ ಸರಿ ಮಾಡ್ಕೊಡ್ತೀನಿ,” ಎಂದು ಶುರು ಮಾಡುತ್ತಿದ್ದ.

ಅಂದು ಬೆಳಗ್ಗೆ ಹತ್ತಕ್ಕೆ ಅವಳು ಬಂದಾಗ ಎರಡು ದಿಂಬು ಒರಗಿಸಿಕೊಂಡು ಕೂತಿದ್ದ. “ಸಿಸ್ಟರಮ್ಮಾ... ಆ ತೋಳು...” ಎಂದವನು ಕೈಯಾಡಿಸಿ ಸುಮ್ಮನಾದ. ಸದ್ಯ, ಇವತ್ತು ಬಾಯಿಗೆ ರಜೆ ಎಂದುಕೊಂಡು ಅವಳು ನಕ್ಕಳು. ಜ್ವರ ತುಸು ಇತ್ತು, ಬರೆದಳು. ಬಿಪಿ, ನಾಡಿ ಬರೆದಳು. ಉಸಿರು ಇಪ್ಪತ್ತು ಎಂದು ಬರೆದು ಹದಿಮೂರನೇ ಮಂಚಕ್ಕೆ ಹೋದಳು.

ಹನ್ನೆರಡು ಗಂಟೆಗೆ ತಾತನ ಮಗಳು ಓಡಿ ಬಂದಳು. “ಸಿಸ್ಟರ್, ಅಪ್ಪ ಒಂಥರಾ ಮಾಡ್ತಿದ್ದಾರೆ, ಬೇಗ ಬನ್ನಿ!”

ತಾತನ ತುಟಿ ನೀಲಿಗಟ್ಟಿತ್ತು. ಕೊರಳಿನ ನರಗಳು ಬಿಗಿದುಕೊಂಡಿದ್ದವು, ಕಣ್ಣು ಮೇಲೆ ಹೋಗುತ್ತಿತ್ತು. ದೊಡ್ಡ ಸಿಸ್ಟರ್ ಮಾಸ್ಕ್ ಹಾಕಿದಳು, ಆಕ್ಸಿಜನ್ ಬಿಟ್ಟಳು, ಮಗಳನ್ನು ಹೊರಗೆ ಕಳಿಸಿದಳು. ಈಗ ಎಣಿಸಿದಳು. ನಲವತ್ತು. ಅಷ್ಟರಲ್ಲಿ ವಾರ್ಡಿನ ಡಾಕ್ಟರ್ ಬಂದರು. ಇನ್ನೂ ಚಿಕ್ಕ ವಯಸ್ಸು, ಕಣ್ಣ ಕೆಳಗೆ ಮಾತ್ರ ಆಗಲೇ ಮುದುಕರ ಚೀಲ. ಅವರು ಮೊದಲು ಕೈಗೆತ್ತಿಕೊಂಡಿದ್ದು ಚಾರ್ಟನ್ನು.

“ಆರು ಗಂಟೆಗೆ ಇಪ್ಪತ್ತು. ಹತ್ತು ಗಂಟೆಗೂ ಇಪ್ಪತ್ತು. ಈಗ ನಲವತ್ತು,” ಎಂದರು. “ಹತ್ತರ ತನಕ ಚೆನ್ನಾಗಿದ್ದೋರು ಎರಡು ಗಂಟೇಲಿ ಹೀಗಾಗಿದ್ದಾರೆ ಅಂದ್ರೆ ಹೆಪ್ಪೇ. ಕಾಲಿನಿಂದ ರಕ್ತದ ಹೆಪ್ಪು ಹೋಗಿ ಶ್ವಾಸಕೋಶದಲ್ಲಿ ಕೂತಿದೆ. ಬಿಪಿ ಬೇರೆ ಇಳೀತಿದೆ. ಸ್ಕ್ಯಾನಿಗೆ ಆಚೆ ಕಟ್ಟಡಕ್ಕೆ ಸಾಗಿಸೋಕಾಗಲ್ಲ, ದಾರೀಲೇ ಹೋಗ್ಬಿಡ್ತಾರೆ. ಹೆಪ್ಪು ಕರಗಿಸೋ ಇಂಜೆಕ್ಷನ್ ತೆಗೀರಿ.”

“ಆಪರೇಷನ್ ಆಗಿ ಮೂರೇ ದಿನ ಡಾಕ್ಟ್ರೇ.”

“ಗೊತ್ತು ಸಿಸ್ಟರ್. ಈ ಇಂಜೆಕ್ಷನ್ನಿಗೆ ಗಾಯದಿಂದ ರಕ್ತ ಹರಿಯೋಕೆ ಶುರುವಾದ್ರೆ ನಿಲ್ಲಿಸೋಕೆ ನನ್ನಿಂದಾಗಲ್ಲ. ಆದ್ರೆ ಹೆಪ್ಪೇ ಆಗಿದ್ದು ಕೊಡ್ಲಿಲ್ಲ ಅಂದ್ರೆ, ಆಗ್ಲೂ ಉಳಿಯಲ್ಲ.”

ಅವಳು ಫ್ರಿಜ್ಜಿನ ಹತ್ತಿರ ಹೋದಳು. ಶೀಶೆ ತೆಗೆದಳು. ಅಭ್ಯಾಸಬಲದಿಂದ ಹೆಸರನ್ನು ಮೂರು ಸಲ ಓದಿದಳು. ಮೂರನೇ ಸಲ ಓದುವಾಗ ಬೆಳಗ್ಗೆ ದಿಂಬಿಗೊರಗಿದ್ದ ತಾತ ಕಣ್ಣಿಗೆ ಕಟ್ಟಿದ. ಅವನು ಸುಮ್ಮನಾದದ್ದು ಸುಮ್ಮನಲ್ಲ! ಬೈಯುವುದಕ್ಕೂ ಅವನಲ್ಲಿ ಉಸಿರಿರಲಿಲ್ಲ. ಹತ್ತಕ್ಕೇ ಇರಲಿಲ್ಲ. ಬೆಳಗ್ಗೆ ಕಾಫಿಯನ್ನೂ ಅರ್ಧಕ್ಕೇ ಬಿಟ್ಟಿದ್ದ. ಇದು ಥಟ್ಟನೆ ಬಂದದ್ದಲ್ಲ. ಬೆಳಗಿನಿಂದ ಮೆಲ್ಲಮೆಲ್ಲನೆ ಏರಿಕೊಂಡು ಬಂದಿದೆ. ಡಾಕ್ಟರ್ ನಂಬಿಕೊಂಡಿರುವ ಇಪ್ಪತ್ತು ಎಂಬುದು ಇರಲೇ ಇಲ್ಲ. ಹಾಗಾದರೆ ಇದು ಹೆಪ್ಪಲ್ಲದೆಯೂ ಇರಬಹುದು, ಈ ಶೀಶೆಯೇ ಅವನನ್ನು ಕೊಲ್ಲಬಹುದು.

ಬಾಯಿ ಬಿಟ್ಟರೆ ಹದಿನೆಂಟು ವರ್ಷದ ಹೆಸರು ಮಣ್ಣುಪಾಲು. ಬಿಡದಿದ್ದರೆ ಯಾರೂ ಅವಳನ್ನು ಕೇಳುವವರಿಲ್ಲ. ಚಾರ್ಟ್ ಸರಿಯಿದೆ, ಸಹಿ ಸರಿಯಿದೆ. ತಾತ ಸತ್ತರೂ ಹೆಪ್ಪಿಗೆ ಸತ್ತ ಎಂದಾಗುತ್ತದೆ. ಇಷ್ಟೆಲ್ಲ ಅವಳ ತಲೆಯಲ್ಲಿ ಓಡಿತು. ಓಡಲಿಲ್ಲ ಎಂದರೆ ಸುಳ್ಳು ಹೇಳಿದ ಹಾಗಾಗುತ್ತದೆ. ಶೀಶೆ ಹಿಡಿದುಕೊಂಡು ಮಂಚದ ಹತ್ತಿರ ಬಂದಳು.

“ಡಾಕ್ಟ್ರೇ, ಹತ್ತು ಗಂಟೇದು ನಾನು ಎಣಿಸಿಲ್ಲ.”

“ಏನು?”

“ಉಸಿರು ಎಣಿಸಿಲ್ಲ. ಸುಮ್ನೆ ಇಪ್ಪತ್ತು ಅಂತ ಬರ್ದೆ. ಆರು ಗಂಟೇದೂ ಯಾರೂ ಎಣಿಸಿರಲ್ಲ. ಹತ್ತು ಗಂಟೇಲೇ ಇವ್ರಿಗೆ ಒಂದು ಮಾತು ಪೂರ್ತಿ ಆಡೋಕಾಗ್ತಿರ್ಲಿಲ್ಲ. ನೋಡ್ದೆ. ತಲೆಗೆ ಹೋಗ್ಲಿಲ್ಲ.”

ಡಾಕ್ಟರ್ ಅವಳ ಮುಖವನ್ನೇ ನೋಡಿದರು. ಬೈಯಲು ಹೊತ್ತಿರಲಿಲ್ಲ. ತಾತನನ್ನು ಇಬ್ಬರೂ ಸೇರಿ ಮುಂದಕ್ಕೆ ಬಾಗಿಸಿದರು. ಡಾಕ್ಟರ್ ಸ್ಟೆತಾಸ್ಕೋಪನ್ನು ಬೆನ್ನಿನ ತೀರಾ ಕೆಳಗಿಟ್ಟು ಕಣ್ಣು ಮುಚ್ಚಿ ಕೇಳಿದರು. ತಳ್ಳಿಕೊಂಡು ಬರುವ ಎಕ್ಸ್‌ರೇ ಯಂತ್ರ ತರಿಸಿದರು. ಚಿತ್ರದಲ್ಲಿ ಬಲಗಡೆಯ ಶ್ವಾಸಕೋಶ ಅರ್ಧಕ್ಕರ್ಧ ಬೆಳ್ಳಗಿತ್ತು. ನ್ಯುಮೋನಿಯಾ. ಕಫ ಗಟ್ಟಿಯಾಗಿ ಕೂತುಬಿಟ್ಟಿತ್ತು.

“ಆ ಶೀಶೆ ವಾಪಸ್ ಇಡಿ,” ಎಂದರು ಡಾಕ್ಟರ್.

ಆಂಟಿಬಯಾಟಿಕ್ ಹಾಕಿದರು, ಕಫ ಎಳೆದರು, ಬಿಪಿಗೆ ಡ್ರಿಪ್ ಏರಿಸಿದರು. ಮೂರು ಗಂಟೆಯ ಹೊತ್ತಿಗೆ ತುಟಿಯ ನೀಲಿ ಇಳಿಯಿತು. ಡಾಕ್ಟರ್ ಮೇಜಿನ ಮುಂದೆ ಕುಸಿದು ಕೂತು ಹಣೆ ಒತ್ತಿಕೊಂಡರು. “ನಿಮ್ಮ ಮೇಲೆ ಬರೆದು ಕೊಡ್ಲೇಬೇಕು ನಾನು,” ಎಂದರು. “ಕೊಡಿ,” ಎಂದಳು ಅವಳು. ಮತ್ತೆ ಅವರೇ, “ಮೂವತ್ತು ಚಾರ್ಟಲ್ಲೂ ಇಪ್ಪತ್ತೇ ಇರುತ್ತೆ. ದಿನಾ ನೋಡಿ ದಿನಾ ಸಹಿ ಹಾಕ್ತೀನಿ. ನಾನೇನು ಕುರುಡನಾ?” ಎಂದು ಎದ್ದು ಹೋದರು. ಅವಳಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ಮಗಳು ತಾತನ ಪಕ್ಕ ಬಂದು ಕೂತಿದ್ದಳು. ದೊಡ್ಡ ಸಿಸ್ಟರನ್ನು ಕಂಡವಳೇ ಎದ್ದು ಎರಡೂ ಕೈ ಹಿಡಿದುಕೊಂಡಳು. “ನೀವಿಲ್ದಿದ್ರೆ ಇವತ್ತು ಅಪ್ಪ ಇರ್ತಿರ್ಲಿಲ್ಲ ಅಕ್ಕಾ. ನಿಮ್ಮ ಉಪಕಾರ ಸಾಯೋ ತನಕ ಮರೆಯಲ್ಲ.”

ಹೂಂ ಅಂದುಬಿಡಬಹುದಿತ್ತು. ಹನ್ನೊಂದು ದಿನದ ದಣಿವಿಗೆ ಒಂದು ಒಳ್ಳೆಯ ಮಾತು, ಯಾರಿಗೆ ಬೇಡ? ಅವಳಿಗೂ ಬೇಕೆನಿಸಿತು. ಆದರೆ ಕೈ ಬಿಡಿಸಿಕೊಂಡಳು.

“ಹಂಗನ್ಬೇಡಮ್ಮ. ಬೆಳಗ್ಗೇನೇ ಗೊತ್ತಾಗ್ಬೇಕಿತ್ತು. ನಾನು ನಿಮ್ಮಪ್ಪನ ಉಸಿರು ಎಣಿಸ್ದೆ ಬರ್ದೆ. ಅದಕ್ಕೇ ಇಷ್ಟಾಯ್ತು. ತಪ್ಪು ನಂದು.”

ಮಗಳಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಮಂಚದ ಕಾಲಿನ ಚಾರ್ಟ್ ನೋಡಿದಳು, ಅಪ್ಪನ ಮುಖ ನೋಡಿದಳು. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಕೂಗಾಡಲಿಲ್ಲ.

“ಹೆಂಗೆ ಎಣಿಸ್ತಾರೆ?” ಎಂದಳು.

“ಬಿಡಮ್ಮ, ಇನ್ನು ಅರ್ಧ ಗಂಟೆಗೊಂದ್ಸಲ ನಾನೇ ಬಂದು...”

“ನೀವು ಹೋಗಿ,” ಎಂದಳು ಮಗಳು. ಕೈಗಡಿಯಾರ ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. ಅಪ್ಪನ ಎದೆಯ ಮೇಲೆ ಅಂಗೈಯಿಟ್ಟು ತುಟಿಯಲ್ಲೇ ಎಣಿಸತೊಡಗಿದಳು.

ದೊಡ್ಡ ಸಿಸ್ಟರ್ ಹೋಗಲಿಲ್ಲ. ಮಗಳು ಎಣಿಸುತ್ತಿದ್ದುದು ತಪ್ಪಾಗಿತ್ತು. ಎದೆ ಏರಿದ್ದಕ್ಕೊಂದು, ಇಳಿದದ್ದಕ್ಕೊಂದು ಎಣಿಸುತ್ತಿದ್ದಳು. ಐವತ್ತು ದಾಟಿತು. ಮಗಳ ಕಣ್ಣಲ್ಲಿ ಗಾಬರಿ ತುಂಬಿಕೊಂಡಿತು. ತಿದ್ದುವುದಕ್ಕೆ ಯಾವ ಮುಖ ಇಟ್ಟುಕೊಂಡು ಹೋಗುವುದು? ಆದರೂ ಹೇಳಿದಳು.

“ಒಳಗೆ ಹೋಗಿದ್ದು, ಹೊರಗೆ ಬಂದಿದ್ದು, ಎರಡೂ ಸೇರಿ ಒಂದು ಕಣಮ್ಮ.”

ಮಗಳು ತಲೆಯೆತ್ತಿ ನೋಡಲಿಲ್ಲ. ಗಡಿಯಾರದ ಮುಳ್ಳು ಮೇಲೆ ಬರುವವರೆಗೆ ಕಾದು, ಮತ್ತೆ ಒಂದರಿಂದ ಶುರು ಮಾಡಿದಳು.