ಕಂಡಕ್ಟರನ ಮೂರು ಮಾತು

ಮಂಗಸೂಳಿಯ ಶಾಂತಿನಾಥ ಮಗದುಮ್ಮರು ಇಪ್ಪತ್ತೆರಡು ವರ್ಷ ನಾಟಕದ ಹೀರೋ ಆಗಿದ್ದವರು. ದಿನವೆಲ್ಲ ಬಸ್ ಸ್ಟ್ಯಾಂಡಿನ ಎದುರಿನ ಗೊಬ್ಬರದಂಗಡಿಯಲ್ಲಿ ಕೂತು ಕಬ್ಬಿಗೆ ಯಾವ ಔಷಧ, ದ್ರಾಕ್ಷಿಗೆ ಯಾವ ಔಷಧ ಎಂದು ಹೇಳುವ ಈ ಮನುಷ್ಯ ವರ್ಷಕ್ಕೊಮ್ಮೆ ಮುಖಕ್ಕೆ ಬಣ್ಣ ಹಚ್ಚಿಕೊಂಡು ಒಂದು ಸಲ ಪೊಲೀಸ್ ಇನ್ಸ್‌ಪೆಕ್ಟರ್, ಒಂದು ಸಲ ಪೈಲ್ವಾನ, ಇನ್ನೊಂದು ಸಲ ವಿಲಾಯತಿಗೆ ಹೋಗಿಬಂದ ಡಾಕ್ಟರ್ ಆಗುತ್ತಿದ್ದರು. ಪಾತ್ರ ಯಾವುದೇ ಇರಲಿ, ಒಂದು ಹೆಜ್ಜೆ ಮುಂದಿಟ್ಟು, ಬಲಗೈ ಮೇಲೆತ್ತಿ, ಮೈಕಿನ ಹತ್ತಿರ ಬಾಯಿ ತಂದು ಮಾತು ಶುರು ಮಾಡುವ ಪದ್ಧತಿ ಮಾತ್ರ ಬದಲಾಗುತ್ತಿರಲಿಲ್ಲ. ಜನ ಅದಕ್ಕೇ ಸಿಳ್ಳೆ ಹಾಕುತ್ತಿದ್ದರು. ಈಗ ಅವರಿಗೆ ಐವತ್ನಾಲ್ಕು. ಹೀರೋಯಿನ್ ಪಾತ್ರಕ್ಕೆ ಹೊರಗಿನಿಂದ ಕರೆಸುತ್ತಿದ್ದ ಕಲಾವಿದೆಯರಿಗೆ ಈಚೀಚೆಗೆ ಅವರ ಮಗಳ ವಯಸ್ಸು. ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಆ ವರ್ಷ ಊರಿನ ಹವ್ಯಾಸಿ ಕಲಾ ಬಳಗಕ್ಕೆ ಮೆಹೆಕ ಕಾರ್ಯದರ್ಶಿಯಾದಳು. ಬಳಗದಲ್ಲಿ ಮೂವತ್ತು ವರ್ಷ ಹಾರ್ಮೋನಿಯಂ ನುಡಿಸಿದ ಶಮಶೇರರ ಮಗಳು. ನಾಟಕದ ತರಬೇತಿ ಮುಗಿಸಿ ಬಂದು, ಅಥಣಿಯ ಒಂದು ಹೈಸ್ಕೂಲಿನಲ್ಲಿ ಟೀಚರ್ ಆಗಿದ್ದಳು. ಅವಳು ಮೊದಲ ಸಭೆಯಲ್ಲೇ ವರ್ಷದ ಲೆಕ್ಕಾಚಾರವನ್ನೆಲ್ಲ ಮಗುಚಿ ಹಾಕಿದಳು. ಇನ್ನು ಮೇಲೆ ವರ್ಷಕ್ಕೆ ಒಂದಲ್ಲ, ಮೂರು ನಾಟಕ. ಮೂರನ್ನೂ ಬಳಗದವರೇ ಬರೆಯಬೇಕು. ಒಂದೊಂದನ್ನೂ ಮಂಗಸೂಳಿ, ಅಥಣಿ, ರಾಯಬಾಗಗಳಲ್ಲಿ ಆಡಬೇಕು. ಹೆಣ್ಣುಪಾತ್ರಕ್ಕೆ ಹೊರಗಿನವರು ಬೇಡ, ಊರಿನ ಹೆಂಗಸರೇ ಸಾಕು. ಮತ್ತು ಆಡಿಷನ್ ಇಲ್ಲದೆ ಯಾರಿಗೂ ಪಾತ್ರವಿಲ್ಲ.

ಕೊನೆಯ ಮಾತು ಕೇಳಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ಶಾಂತಿನಾಥರು. ಆಡಿಷನ್ ಎಂದ ಮೇಲೆ ಪರೀಕ್ಷೆ ಮಾಡುವವರು ಬೇಕು, ಆ ಕುರ್ಚಿಯಲ್ಲಿ ತಾವಲ್ಲದೆ ಮತ್ಯಾರು ಕೂತಾರು ಎಂದು ಅವರು ತಿಳಿದರು. ಅಂಗಡಿಗೆ ಬಂದ ರೈತರಿಗೆಲ್ಲ ಪ್ರಚಾರ ಮಾಡಿದರು. ಹತ್ತಿರದ ಅನಂತಪುರದಲ್ಲಿದ್ದ ಹಳೆಯ ಗೆಳೆಯನಿಗೆ ಫೋನ್ ಮಾಡಿ, ಯಾರಾದರೂ ಒಳ್ಳೆಯ ದನಿಯವರಿದ್ದರೆ ಕಳಿಸು, ನಾನು ನೋಡುತ್ತೇನೆ ಎಂದರು. ಹೆಂಡತಿ ಗೌರಾಬಾಯಿಗೂ ಊಟಕ್ಕೆ ಕೂತಾಗ ಇದನ್ನೇ ಹೇಳಿದರು. ಗೌರಾಬಾಯಿ ಹೂಂ ಅಂದು ಇನ್ನೊಂದು ರೊಟ್ಟಿ ಬಡಿಸಿದಳು.

ಗೌರಾಬಾಯಿಯ ತವರು ಗಡಿಯಾಚೆ, ಕುರುಂದವಾಡದ ಕಡೆ. ಮರಾಠಿ ಶಾಲೆಯಲ್ಲಿ ಓದಿದವಳು. ಈ ಮನೆಗೆ ಬಂದು ಮೂವತ್ತು ವರ್ಷವಾದರೂ ಅವಳ ಕನ್ನಡದಲ್ಲಿ ಎರಡು ಮಾತಿಗೊಂದು ಮರಾಠಿ ಮಾತು ನುಸುಳುತ್ತಿತ್ತು. ಶಾಂತಿನಾಥರು ನಾಟಕದವರು, ಶುದ್ಧ ಮಾತಿನ ಅಭಿಮಾನಿ. ಮೂವತ್ತು ವರ್ಷವೂ ಅವಳ ಮಾತನ್ನು ತಿದ್ದುತ್ತಲೇ ಬಂದಿದ್ದರು. ಅವಳು ತಿದ್ದಿಸಿಕೊಳ್ಳುತ್ತಿದ್ದಳು, ಮತ್ತೆ ತನ್ನಂತೆಯೇ ಮಾತಾಡುತ್ತಿದ್ದಳು.

ಭಾನುವಾರ ಬೆಳಿಗ್ಗೆ ಶಾಲೆಯ ಹಾಲ್‌ನಲ್ಲಿ ಆಡಿಷನ್. ಶಾಂತಿನಾಥರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋಗಿ ಮೆಹೆಕಳ ಪಕ್ಕದ ಕುರ್ಚಿಯಲ್ಲಿ ಕೂತರು. ಅವಳು ಪಟ್ಟಿಯ ಮೇಲೆ ಬೆರಳಾಡಿಸಿ, ಸಂಕೋಚದಿಂದಲೇ, ಮೆಲ್ಲಗೆ ಹೇಳಿದಳು.

“ಕಾಕಾ, ನಿಮ್ಮ ನಂಬರ್ ಒಂಬತ್ತು ಐತ್ರಿ. ಅಲ್ಲಿ ಬೆಂಚಿನ ಮ್ಯಾಲೆ ಕುಂದರ್ರಿ, ಕರೀತೀನಿ.”

ಶಾಂತಿನಾಥರು ಇದು ಚೇಷ್ಟೆಯೇನೋ ಎಂದು ನಕ್ಕರು. ಮೆಹೆಕಳ ಮುಖ ನೋಡಿದ ಮೇಲೆ ಎದ್ದು ಹೋಗಿ ಬೆಂಚಿನಲ್ಲಿ ಕೂತರು. ಪಕ್ಕದಲ್ಲಿ ಹಾಲಿನ ಗಾಡಿ ಓಡಿಸುವ ಹಾಲಸಿದ್ದ ನಂಬರ್ ಎಂಟರ ಚೀಟಿಯನ್ನು ಮಡಚುತ್ತ ಬಿಚ್ಚುತ್ತ ಅಂಜಿ ಕೂತಿದ್ದ. ಅವನಿಗೆ ಧೈರ್ಯ ಹೇಳುವುದರಲ್ಲಿ ಶಾಂತಿನಾಥರು ತಮ್ಮ ಅವಮಾನವನ್ನು ತುಸು ಮರೆತರು.

ಪರೀಕ್ಷೆ ಸರಳವಾಗಿತ್ತು. ಒಂದು ಡಬ್ಬಿಯಿಂದ ಚೀಟಿ ಎತ್ತಬೇಕು, ಅದರಲ್ಲಿ ಬರೆದ ಸಂದರ್ಭವನ್ನು ಅಲ್ಲೇ ಆಡಿ ತೋರಿಸಬೇಕು. ಶಾಂತಿನಾಥರ ಚೀಟಿಯಲ್ಲಿ, ‘ಬಸ್ಸು ತಪ್ಪಿದೆ, ತಡ ಮಾಡಿಸಿದ ಗೆಳೆಯನ ಜೊತೆ ಮಾತಾಡಿ’ ಎಂದಿತ್ತು. ಅವರು ಒಂದು ಹೆಜ್ಜೆ ಮುಂದಿಟ್ಟರು, ಬಲಗೈ ಎತ್ತಿದರು. ಸ್ನೇಹ, ದ್ರೋಹ, ವಿಧಿ, ತಾಯಿಯ ಕಣ್ಣೀರು ಎಲ್ಲವನ್ನೂ ತಂದು ಆ ಬಸ್ಸಿಗೆ ಹತ್ತಿಸಿದರು. ಜನ ಚಪ್ಪಾಳೆ ತಟ್ಟಿದರು. ಮೆಹೆಕ ಏನೋ ಬರೆದುಕೊಂಡಳು.

ನಂಬರ್ ಹನ್ನೊಂದು ಎಂದು ಕರೆದಾಗ ಹೆಂಗಸರ ಸಾಲಿನಿಂದ ಗೌರಾಬಾಯಿ ಎದ್ದಳು. ಹೆಂಡತಿ ಅಂಗಡಿಯ ಕೀಲಿ ಕೇಳಲು ಬಂದಿದ್ದಾಳೆ ಎಂದುಕೊಂಡು ಶಾಂತಿನಾಥರು ಕಿಸೆಗೆ ಕೈ ಹಾಕಿದರು. ಅವಳು ಅವರನ್ನು ದಾಟಿ ಹೋಗಿ ಡಬ್ಬಿಯಿಂದ ಚೀಟಿ ಎತ್ತಿದಳು. ಕನ್ನಡ ಅಕ್ಷರ ಅವಳಿಗೆ ಅಷ್ಟು ಸಲೀಸಲ್ಲ. ಮೆಹೆಕಳೇ ಓದಿ ಹೇಳಿದಳು: ಮನೆಗೆ ಬಂದವರು ಮಾತು ನಿಲ್ಲಿಸುತ್ತಿಲ್ಲ, ಮನಸ್ಸು ನೋಯದಂತೆ ಅವರನ್ನು ಕಳಿಸಬೇಕು.

ಗೌರಾಬಾಯಿ ನಿಲ್ಲಲಿಲ್ಲ, ನೆಲದ ಮೇಲೆ ಕೂತಳು. ಇಲ್ಲದ ಮೆಂತ್ಯದ ಸೂಡನ್ನು ಮುಂದೆ ಬಿಚ್ಚಿಕೊಂಡು ಎಲೆ ಬಿಡಿಸತೊಡಗಿದಳು. ಎದುರಿಗೆ ಯಾರೋ ಮಾತಾಡುತ್ತಿರುವಂತೆ ಹೌದ್ರಿ, ಹೌದ್ರಿ ಅನ್ನುತ್ತ ಹೋದಳು. ಮಧ್ಯೆ ಅರ್ಧ ಮರಾಠಿಯಲ್ಲಿ ಮಳೆಯ ಸುದ್ದಿ ತೆಗೆದಳು, ಕುಕ್ಕರಿನ ಸಿಳ್ಳೆ ಎಣಿಸಿದಳು, ನಿಮ್ಮ ಮನೆಯವರು ದಾರಿ ಕಾಯುತ್ತಿರಬಹುದು ಎಂದಳು. ಯಾವ ಉಪಾಯವೂ ನಡೆಯಲಿಲ್ಲ. ಆ ಕಾಣದ ಮನುಷ್ಯ ಈಗ ಕೈ ಮೇಲೆತ್ತಿದನೇನೋ, ಗೌರಾಬಾಯಿ ಆ ಕೈಯನ್ನೇ ನೋಡುತ್ತ ಕತ್ತು ಹಿಂದಕ್ಕೆ ಚಾಚಿ, ಮತ್ತೆ ಹೌದ್ರಿ ಎಂದಳು.

ಹಾಲ್ ತುಂಬ ನಗು. ಶಾಂತಿನಾಥರೂ ಹೊಟ್ಟೆ ಹಿಡಿದು ನಕ್ಕರು. ಎಲ್ಲರೂ ತಮ್ಮ ಕಡೆಗೇ ತಿರುಗಿ ನೋಡುತ್ತಿದ್ದಾರೆ ಎಂದು ಗೊತ್ತಾದಾಗ ಅವರ ನಗು ಅರ್ಧಕ್ಕೆ ನಿಂತಿತು.

ಮರುದಿನ ಸಂಜೆ ಪಟ್ಟಿ ಬಂತು. ಮೊದಲ ನಾಟಕ ‘ಚಂಪಾಬಾಯಿ ಖಾನಾವಳಿ’. ಗಡಿಯ ಬಸ್ ಸ್ಟ್ಯಾಂಡಿನಲ್ಲಿ ಖಾನಾವಳಿ ನಡೆಸುವ ಹೆಂಗಸೊಬ್ಬಳು ಹೊಸ ಬೋರ್ಡ್ ಬರೆಸಬೇಕೆಂದಿದ್ದಾಳೆ. ಯಾವ ಭಾಷೆಯಲ್ಲಿ ಬರೆಸಬೇಕು ಎಂದು ಉಣ್ಣಲು ಬಂದವರೆಲ್ಲ ಒಂದೊಂದು ಸಲಹೆ ಕೊಡುತ್ತಾರೆ. ಚಂಪಾಬಾಯಿಯಾಗಿ ಗೌರಾಬಾಯಿ. ಬೋರ್ಡ್ ಬರೆಯುವ ಪೇಂಟರ್ ಆಗಿ ಹಾಲಸಿದ್ದ. ಪಟ್ಟಿಯ ಕೆಳಗೆ, ಕೊನೆಯಿಂದ ಎರಡನೆಯ ಸಾಲಿನಲ್ಲಿ, ಕಂಡಕ್ಟರ್: ಶಾಂತಿನಾಥ ಮಗದುಮ್. ಕಂಡಕ್ಟರನಿಗೆ ಮೂರು ಮಾತು.

ಶಾಂತಿನಾಥರು ಮೆಹೆಕಳಿಗೆ ಫೋನ್ ಮಾಡಿ, ಈ ಸಲ ಅಂಗಡಿಯಲ್ಲಿ ಬಹಳ ಕೆಲಸವಿದೆ, ನನ್ನಿಂದಾಗದು ಎಂದರು. ಅವಳು ಒತ್ತಾಯ ಮಾಡಲಿಲ್ಲ. ಎಂಟು ದಿನ ಆ ಮೂರು ಮಾತು ಹಾಗೇ ಇಟ್ಟಿರುತ್ತೇನೆ ಕಾಕಾ ಎಂದಳು. ಮನೆಯಲ್ಲೂ ಯಾರೂ ಒತ್ತಾಯ ಮಾಡಲಿಲ್ಲ. ಇದೇ ಅವರಿಗೆ ಹೆಚ್ಚು ಚುಚ್ಚಿತು. ಹೆಂಡತಿಯಾದವಳು ಬಂದು ಸಮಾಧಾನ ಮಾಡಬೇಕಲ್ಲವೇ, ನೀವು ಇಲ್ಲದೆ ಎಂಥ ನಾಟಕ ಅನ್ನಬೇಕಲ್ಲವೇ. ಗೌರಾಬಾಯಿ ತನ್ನ ಪಾಡಿಗೆ ತಾನು ಬೆಳಿಗ್ಗೆ ಎದ್ದು, ಕೆಲಸ ಮುಗಿಸಿ, ಹಿಂದಿನ ಪಡಸಾಲೆಯಲ್ಲಿ ನಾಟಕದ ಪ್ರತಿ ಹಿಡಿದು ಕೂರುತ್ತಿದ್ದಳು. ಒಂದೊಂದೇ ಅಕ್ಷರ ಕೂಡಿಸಿ ಓದಿ, ಅದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಮರಾಠಿ ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಮೂರು ದಿನಕ್ಕೆ ಎರಡು ಪುಟ ಆಯಿತು. ಇದ್ದದ್ದು ನಲವತ್ತು ಪುಟ.

ನಾಲ್ಕನೆಯ ದಿನ ಶಾಂತಿನಾಥರು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. ಗೌರಾಬಾಯಿ ‘ಹಿಟ್ಟು’ ಇದ್ದಲ್ಲಿ ‘ಹುಟ್ಟು’ ಎಂದು ಓದಿದಳು. ಅವರು ತಡೆದುಕೊಂಡರು. ಮುಂದಿನ ಸಾಲಿನಲ್ಲಿ ಅದೇ ತಪ್ಪು ಮತ್ತೆ ಬಂದಾಗ ಚಹಾದ ಕಪ್ ಕೆಳಗಿಟ್ಟು ಪ್ರತಿಯನ್ನು ಕಸಿದುಕೊಂಡರು.

“ಕೊಡಿಲ್ಲೆ. ನಾ ಓದ್ತೀನಿ, ನೀ ಬರಕೊ.”

ಅಂದಿನಿಂದ ದಿನಾ ಬೆಳಿಗ್ಗೆ ಒಂದು ತಾಸು ಅವರು ಓದುವುದು, ಅವಳು ಬರೆದುಕೊಳ್ಳುವುದು ನಡೆಯಿತು. ಅವರು ಓದಿದಾಗ ಚಂಪಾಬಾಯಿ ಪೊಲೀಸ್ ಇನ್ಸ್‌ಪೆಕ್ಟರನಂತೆ ಗುಡುಗುತ್ತಿದ್ದಳು. ಗೌರಾಬಾಯಿ ಅದನ್ನೇ ತಿರುಗಿ ಹೇಳಿದಾಗ ಚಂಪಾಬಾಯಿ ಪಕ್ಕದ ಮನೆಯವಳಾಗುತ್ತಿದ್ದಳು. ಶಾಂತಿನಾಥರು ಮೊದಮೊದಲು ತಿದ್ದಿದರು. ಆಮೇಲೆ ತಿದ್ದುವುದನ್ನು ಬಿಟ್ಟು ಕಿವಿಗೊಟ್ಟು ಕೂತರು. ಅವಳು ಮರಾಠಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದ ಒಂದು ಮಾತಿಗೆ ಅಂಗಡಿಯಲ್ಲಿ ಕೂತಾಗಲೂ ನಗು ಬರುತ್ತಿತ್ತು. ಗಿರಾಕಿಗಳು ಯಾಕೆ ಎಂದು ಕೇಳಿದರೆ ಗೊಬ್ಬರದ ರೇಟು ಹೇಳುತ್ತಿದ್ದರು. ಏಳನೆಯ ದಿನ ಮೆಹೆಕಳಿಗೆ ಫೋನ್ ಮಾಡಿ, ಕಂಡಕ್ಟರನಿಗೆ ಸೀಟಿ ಬೇಕಾಗುತ್ತದೆ, ತಾಲೀಮಿಗೆ ನಾನೇ ತರುತ್ತೇನೆ ಎಂದರು.

ದೀಪಾವಳಿ ಮುಗಿದ ಮೊದಲ ಶನಿವಾರ ಸಂಜೆ ಶಾಲೆಯ ಮೈದಾನದಲ್ಲಿ ನಾಟಕ. ಊರೆಲ್ಲ ಬಂದಿತ್ತು, ಕಾಗವಾಡದಿಂದಲೂ ಟೆಂಪೋ ಮಾಡಿಕೊಂಡು ಬಂದಿದ್ದರು. ಶಾಂತಿನಾಥರು ಖಾಕಿ ಬಟ್ಟೆ ತೊಟ್ಟು ಸ್ಟೇಜಿಗೆ ಬಂದದ್ದೇ ತಡ, ಹಳೆಯ ಸಿಳ್ಳೆಗಳೆಲ್ಲ ಎದ್ದವು. ಅವರು ಮೊದಲ ಮಾತು ಹೇಳಿದರು: ಮಿರಜ, ಮಿರಜ, ಮಿರಜ. ಎರಡನೆಯ ಮಾತು ಹೇಳಿದರು: ಅಕ್ಕಾರ, ಒಂದು ಚಹಾ. ಚಹಾ ಕುಡಿದು ಮೂರನೆಯದನ್ನೂ ಹೇಳಿದರು: ಬೋರ್ಡ್ ಯಾವ ಭಾಷಾದಾಗ ಇದ್ರೂ ಚಹಾ ಸಿಹಿನ ಐತಿ ಬಿಡ್ರಿ. ಜನ ಮತ್ತೆ ಸಿಳ್ಳೆ ಹಾಕಿದರು. ಈಗ ಅವರು ಹೋಗಬೇಕು.

ಹೋಗಲಾಗಲಿಲ್ಲ. ಕಾಲು ತಾನಾಗಿಯೇ ಒಂದು ಹೆಜ್ಜೆ ಮುಂದಿಟ್ಟಿತು. ಬಲಗೈ ಮೇಲೆದ್ದಿತು.

“ಈ ರೂಟಿನಾಗ ನಾ ಇಪ್ಪತ್ತೆರಡು ವರ್ಷ ತಿರುಗೀನಿ. ಎಷ್ಟು ಊರು, ಎಷ್ಟು ಮಂದಿ…”

ಏಣಿಯ ಮೇಲಿದ್ದ ಪೇಂಟರ್ ಹಾಲಸಿದ್ದನ ಬ್ರಶ್ ಗಾಳಿಯಲ್ಲೇ ನಿಂತಿತು. ಪರದೆಯ ಪಕ್ಕದಲ್ಲಿ ಮೆಹೆಕ ಹಣೆಗೆ ಕೈ ಹಚ್ಚಿಕೊಂಡಳು. ಶಾಂತಿನಾಥರಿಗೆ ತಾವು ಮಾಡುತ್ತಿರುವುದು ಗೊತ್ತಿತ್ತು, ಆದರೆ ಹೇಗೆ ನಿಲ್ಲಿಸಬೇಕು ಎಂಬುದು ಗೊತ್ತಿರಲಿಲ್ಲ. ಮುಂದಿನ ಮಾತೂ ಹೊಳೆಯುತ್ತಿರಲಿಲ್ಲ.

ಟೇಬಲ್ ಒರೆಸುತ್ತಿದ್ದ ಗೌರಾಬಾಯಿ ಒರೆಸುವುದನ್ನು ನಿಲ್ಲಿಸದೆ ತಲೆಯೆತ್ತಿದಳು.

“ಕಂಡಕ್ಟರ್ ಸಾಹೇಬ್ರ, ತುಮ್ಚಿ ಗಾಡಿ ಸುಟಲಿ ಬಘಾ. ಅಲ್ನೋಡ್ರಿ, ನಿಮ್ಮನ್ನ ಬಿಟ್ಟು ಹೊಂಟೈತಿ.”

ಮೈದಾನಕ್ಕೆ ಮೈದಾನವೇ ನಕ್ಕಿತು. ಶಾಂತಿನಾಥರು ಅವಳ ಕಡೆ ನೋಡಿದರು. ಅವಳ ಕಣ್ಣಲ್ಲಿ ಚೇಷ್ಟೆ ಇರಲಿಲ್ಲ. ದಿನಾ ಬೆಳಿಗ್ಗೆ ಅವರು ಮುಂದಿನ ಸಾಲು ಓದಲಿ ಎಂದು ಪೆನ್ನು ಹಿಡಿದು ಕಾಯುತ್ತಿದ್ದಳಲ್ಲ, ಹಾಗೆಯೇ ಕಾಯುತ್ತಿದ್ದಳು. ಅವರ ಕೈ ಕೆಳಗಿಳಿಯಿತು.

“ಏ, ತಡೀರಿ, ನಿಲ್ಲಸ್ರಿ!” ಎಂದು ಕೂಗಿ ಸೀಟಿ ಊದುತ್ತ ಓಡಿದರು. ಓಡುವ ಭರಕ್ಕೆ ಒಂದು ಚಪ್ಪಲಿ ಕಳಚಿ ಸ್ಟೇಜಿನ ನಡುವೆ ಬಿತ್ತು. ತಿರುಗಿ ಬಂದು, ಚಪ್ಪಲಿ ಎತ್ತಿಕೊಂಡು, ಗೌರಾಬಾಯಿಗೆ ನಮಸ್ಕಾರ ಮಾಡಿ, ಮತ್ತೆ ಓಡಿದರು. ಇಪ್ಪತ್ತೆರಡು ವರ್ಷದಲ್ಲಿ ಬೀಳದಷ್ಟು ಚಪ್ಪಾಳೆ ಆವತ್ತು ಬಿತ್ತು. ಉಳಿದ ನಾಟಕವನ್ನು ಅವರು ಪರದೆಯ ಮರೆಯಲ್ಲಿ, ಚಪ್ಪಲಿ ಕೈಯಲ್ಲೇ ಹಿಡಿದುಕೊಂಡು, ಮುಗಿಯುವವರೆಗೂ ನಿಂತು ನೋಡಿದರು. ಹೀರೋ ಆಗಿದ್ದಾಗ ತಮ್ಮ ಸರದಿ ಬಿಟ್ಟು ಬೇರೆಯವರ ಆಟವನ್ನು ಹೀಗೆ ನೋಡಿದವರಲ್ಲ.

ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಅವರು ಬಹಳ ಹೊತ್ತು ಬೇರೆ ಏನೇನೋ ಮಾತಾಡಿ ಆಮೇಲೆ ಕೇಳಿದರು.

“ಅಷ್ಟು ಮಂದಿ ನೋಡಿ ನಿನಗ ಅಂಜಿಕಿ ಆಗಲಿಲ್ಲೇನು?”

“ಆಗಿತ್ರಿ. ನೀವು ಬಂದು ಕೈ ಎತ್ತಿದ್ರಲ್ಲ, ಇದು ನಮ್ಮ ಮನೀನ ಅಂತ ಅನ್ನಿಸ್ತು. ಆಮ್ಯಾಲೆ ಅಂಜಿಕಿ ಹೋತು.”

ಶಾಂತಿನಾಥರು ಇನ್ನರ್ಧ ಕಪ್ ಚಹಾ ಕೇಳಿದರು.

ಮೆಹೆಕ ಆ ಓಟವನ್ನೂ ಚಪ್ಪಲಿಯನ್ನೂ ಪ್ರತಿಯಲ್ಲಿ ಸೇರಿಸಿದಳು. ‘ತಡೀರಿ, ನಿಲ್ಲಸ್ರಿ’ ಸೇರಿ ಕಂಡಕ್ಟರನಿಗೆ ನಾಲ್ಕು ಮಾತಾದವು. ಬೇಕೆಂದೇ ಚಪ್ಪಲಿ ಕಳಚುವುದು ಸುಲಭವಲ್ಲ ಎಂದು ಶಾಂತಿನಾಥರಿಗೆ ಆಗ ಗೊತ್ತಾಯಿತು. ಅಂಗಡಿಯ ಗೊಬ್ಬರದ ಚೀಲಗಳ ನಡುವೆ ದಿನವೂ ಓಡಿ ಅಭ್ಯಾಸ ಮಾಡಿದರು. ಆದರೂ ಅಥಣಿಯಲ್ಲಿ ಅದು ಹಾರಿಹೋಗಿ ಪ್ರೇಕ್ಷಕರ ಮೊದಲ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರ ಮಡಿಲಿಗೆ ಬಿತ್ತು. ಅವರು ಎದ್ದು ಬಂದು, ನಾಟಕದ ಭಾಗವೇ ಎನ್ನುವಂತೆ, ಅದನ್ನು ಗಂಭೀರವಾಗಿ ಸ್ಟೇಜಿನ ಮೇಲಿಟ್ಟು ಹೋದರು.

ಎರಡನೆಯ ನಾಟಕಕ್ಕೆ ಜನವರಿಯಲ್ಲಿ ಆಡಿಷನ್ ನಡೆಯಿತು. ಗೌರಾಬಾಯಿ ಮಗಳ ಬಾಣಂತನಕ್ಕೆ ಹೋಗಬೇಕಿದ್ದರಿಂದ ಹೆಸರು ಕೊಡಲಿಲ್ಲ. ಶಾಂತಿನಾಥರು ಪಟ್ಟಿ ತೆರೆದ ದಿನವೇ ಹೋಗಿ ನಂಬರ್ ಒಂದು ತೆಗೆದುಕೊಂಡರು. ಡಬ್ಬಿಯಿಂದ ಚೀಟಿ ಎತ್ತಿ, ಓದಿ, ನೆಲದ ಮೇಲೆ ಕೂತು ಮಾತು ಶುರು ಮಾಡಿದರು.