ಎಡಗಡೆಯ ಪೆಟ್ಟಿಗೆ

ಒಂದು ಗಿಟಾರಿಗೆ ಎರಡು ಆಂಪ್ಲಿಫೈಯರ್ ಯಾಕೆ ಬೇಕು ಎಂದು ಅಕ್ಕ ಕೇಳಿದಾಗ ತಮ್ಮ ಹಸಿ ಸುಳ್ಳು ಹೇಳಿದ.

"ದನಿ ತುಂಬ್ಕೊಂಡು ಬರುತ್ತೆ ಅಕ್ಕ. ಇಷ್ಟು ದೊಡ್ಡ ಹಾಲ್‌ಗೆ ಒಂದೇ ಪೆಟ್ಟಿಗೆ ಸಾಲಲ್ಲ."

"ಇಷ್ಟು ವರ್ಷ ಸಾಕಾಗ್ತಿತ್ತಲ್ಲೋ."

"ಇಷ್ಟು ವರ್ಷ ಜನ ಊಟ ಮಾಡ್ತಾ ಮಾತಾಡ್ತಿದ್ರು. ಈಗ ಮಾತಾಡೋಕೇ ಅಂತ ಊಟಕ್ಕೆ ಬರ್ತಾರೆ."

ಅಕ್ಕ ನಕ್ಕಳು. ಅಲ್ಲಿಗೆ ಮಾತು ಮುಗಿಯಿತು. ನಗಿಸಿ ಬಾಯಿ ಮುಚ್ಚಿಸುವ ಕಲೆ ಅವನಿಗೆ ಚಿಕ್ಕಂದಿನಿಂದಲೂ ಕರಗತವಾಗಿತ್ತು.

ನಿಜವೆಂದರೆ ಅವನ ಎಡಗಿವಿ ಹೋಗಿತ್ತು. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ನಲ್ಲಿಯ ಸದ್ದು ಒಂದೇ ಕಡೆಯಿಂದ ಕೇಳಿಸಿತು. ನೀರು ಹೊಕ್ಕಿರಬೇಕು ಎಂದುಕೊಂಡು ತಲೆ ವಾಲಿಸಿ ಒಂಟಿ ಕಾಲಲ್ಲಿ ಕುಣಿದ, ಹತ್ತಿ ಸುತ್ತಿದ ಕಡ್ಡಿಯಿಂದ ಕೆದಕಿದ. ದಿನ ಕಳೆದರೂ ಆ ಕಡೆಯ ಲೋಕ ಬಾಗಿಲು ಹಾಕಿಕೊಂಡೇ ಇತ್ತು. ಕೊನೆಗೆ ಹೋದಾಗ ಕಿವಿಯ ಡಾಕ್ಟರು ಪರೀಕ್ಷೆಯ ಯಂತ್ರವನ್ನು ಪಕ್ಕಕ್ಕೆ ಸರಿಸಿ, "ತಡ ಮಾಡಿ ಬಂದ್ರಿ. ಎಡಗಡೇದು ಇನ್ನು ಬರಲ್ಲ. ಬಲಗಡೇದೂ ಸವೀತಾ ಇದೆ, ಜೋರು ಸದ್ದಿಂದ ದೂರ ಇರಿ. ನೀವು ಏನು ಕೆಲಸ ಮಾಡೋದು?" ಎಂದರು. ಅವನು "ಸೋಫಾ ರಿಪೇರಿ" ಎಂದ. ಅದು ಅವನ ಭಾವನ ಕೆಲಸ. ಡಾಕ್ಟರ ಮುಂದೆಯೂ ಸುಳ್ಳು ಹೇಳುವವನಿಗೆ ಯಾವ ಔಷಧ ನಾಟೀತು?

ವಾರದಲ್ಲಿ ನಾಲ್ಕು ಸಂಜೆ ಹೋಟೆಲೊಂದರ ಊಟದ ಹಾಲ್‌ನಲ್ಲಿ ಅವರ ತಂಡ ನುಡಿಸುತ್ತಿತ್ತು. ಹಾಡುವವಳು ಅಕ್ಕ, ತಂಡದ ಯಜಮಾನಿಕೆಯೂ ಅವಳದೇ. ಭಾವ ಡ್ರಮ್ಸ್ ಬಾರಿಸುತ್ತಿದ್ದ. ಕೀಬೋರ್ಡಿಗೆ ಮೇಷ್ಟ್ರು, ಹಗಲು ಶಾಲೆಯಲ್ಲಿ ಲೆಕ್ಕ ಕಲಿಸಿ ದಣಿದು ಬರುವವರು. ಗಿಟಾರಿಗೆ ತಮ್ಮ. ಭಾವ ಅವನನ್ನು ಸೂಕ್ಷ್ಮಪ್ಪ ಎಂದೇ ಕರೆಯುತ್ತಿದ್ದ. ಪಕ್ಕದ ಮನೆಯ ಕರೆಗಂಟೆ ಅಪಸ್ವರ ಹೊರಡಿಸುತ್ತದೆ ಎಂದು ಊಟದ ತಟ್ಟೆ ಬಿಟ್ಟು ಎದ್ದು ಹೋದವನಿಗೆ ಬೇರೆ ಯಾವ ಹೆಸರು ಒಪ್ಪುತ್ತದೆ!

ಅಕ್ಕ ಯಾವ ಹಾಡನ್ನು ಎತ್ತಿಕೊಳ್ಳಬೇಕಾದರೂ ಅವನು ಮೊದಲು ಒಂದು ತಂತಿ ಮೀಟಿ ಸ್ವರ ಕೊಡುತ್ತಿದ್ದ. ಅವಳು ಅದನ್ನು ಹಿಡಿದು ಶುರು ಮಾಡುತ್ತಿದ್ದಳು. ಅವಳು ಲಂಗ ಹಾಕುವ ಕಾಲದಿಂದಲೂ ಹೀಗೆಯೇ ನಡೆದು ಬಂದಿತ್ತು. ನಾನು ಸ್ವರ ಕೊಡದೆ ಅಕ್ಕ ಬಾಯಿ ತೆರೆಯಲಾರಳು ಎಂದು ಅವನು ಪೂರಾ ನಂಬಿದ್ದ. ಮದುವೆಯಾಗಿರಲಿಲ್ಲ, ಬೇರೆ ಕಸುಬು ಗೊತ್ತಿರಲಿಲ್ಲ, ಊಟ ನಿದ್ದೆ ಎಲ್ಲ ಅಕ್ಕನ ಮನೆಯಲ್ಲೇ. ಈ ಭೂಮಿಯ ಮೇಲೆ ತನಗೊಂದು ಜಾಗ ಅಂತ ಇದ್ದರೆ ಅದು ಆ ಒಂದು ಸ್ವರದಲ್ಲಿ ಎಂದು ಅವನ ಲೆಕ್ಕ. ಅಕ್ಕನಾದರೋ ಸಂಗೀತದ ವಿಷಯದಲ್ಲಿ ಮುಖ ನೋಡಿ ಮಣೆ ಹಾಕುವವಳಲ್ಲ. ತಾಳ ತಪ್ಪುತ್ತಿದ್ದ ಬೇಸ್ ಗಿಟಾರಿನವನನ್ನು, ಅವನು ಗಂಡನ ಸ್ವಂತ ಚಿಕ್ಕಪ್ಪನ ಮಗ ಎಂಬುದನ್ನೂ ನೋಡದೆ, ನಿಂತ ನಿಲುವಿನಲ್ಲೇ ಮನೆಗೆ ಕಳಿಸಿದ್ದಳು.

ವೇದಿಕೆಯ ಮೇಲೆ ಅವಳು ನಿಲ್ಲುವುದು ಅವನ ಎಡಕ್ಕೆ, ಒಂದಷ್ಟು ದೂರದಲ್ಲಿ. ಅವಳ ಪಕ್ಕದಲ್ಲೇ ಅವನ ಹಳೆಯ ಆಂಪ್ಲಿಫೈಯರ್. ಅದರ ದನಿಯೆಂದರೆ ಅವಳಿಗೆ ಪ್ರಾಣ. ಈಗ ಅವೆರಡೂ ಅವನ ಸತ್ತ ಕಿವಿಯ ಪಾಲಿಗೆ ಬಂದಿದ್ದವು. ಡ್ರಮ್ಸ್, ಕೀಬೋರ್ಡಿನ ನಡುವೆ ತನ್ನ ಗಿಟಾರ್ ತನಗೇ ಕೇಳುತ್ತಿರಲಿಲ್ಲ. ಜಾಗ ಬದಲಿಸೋಣ ಎಂದರೆ ಯಾಕೆ ಎನ್ನುತ್ತಾರೆ. ಹಳೇ ಪೆಟ್ಟಿಗೆಯನ್ನು ಈಚೆ ತರುತ್ತೇನೆ ಎಂದರೆ ಅಕ್ಕ ಬಿಡುವುದಿಲ್ಲ. ಅದಕ್ಕೇ ಇನ್ನೊಂದು ಆಂಪ್ಲಿಫೈಯರ್ ಕೊಂಡು, ಸ್ಟೂಲಿನ ಮೇಲೆ ಇಟ್ಟು, ಬಲಗಿವಿಯ ಕಡೆಗೆ ತಿರುಗಿಸಿಕೊಂಡ. ಜೋರು ಸದ್ದಿನಿಂದ ದೂರ ಇರು ಎಂದರೆ ಸದ್ದನ್ನೇ ತಂದು ಪಕ್ಕದಲ್ಲಿ ಕೂರಿಸಿಕೊಂಡ. ಇಂಥ ಬುದ್ಧಿಗೆ ಏನೆನ್ನಬೇಕೋ.

ಎರಡನ್ನೂ ಜೋಡಿಸಲು ಆಂಪ್ಲಿಫೈಯರ್ ರಿಪೇರಿಯವರು ಒಂದು ಪೆಡಲ್ ಕೊಟ್ಟರು. ಅಂಗೈಗಿಂತ ಸ್ವಲ್ಪ ದೊಡ್ಡ ಕಬ್ಬಿಣದ ಡಬ್ಬಿ. ಗಿಟಾರಿನ ಕೇಬಲ್ ಒಂದು ಕಡೆ ಒಳಗೆ ಹೋದರೆ ಇನ್ನೊಂದು ಕಡೆಯಿಂದ ಎರಡಾಗಿ ಹೊರಗೆ. ಕಾಲಲ್ಲಿ ಒತ್ತಿದರೆ ಹಳೆಯದೊಂದೇ, ಮತ್ತೆ ಒತ್ತಿದರೆ ಹೊಸದೊಂದೇ, ಇನ್ನೊಂದು ಗುಂಡಿ ಒತ್ತಿದರೆ ಎರಡೂ. ಹಳೆಯದಕ್ಕೆ ಕೆಂಪು ದೀಪ, ಹೊಸದಕ್ಕೆ ಹಸಿರು.

"ಎರಡೂ ಹಾಕಿದಾಗ ನಡುವೆ ನಿಂತು ಕೇಳಿ" ಎಂದಿದ್ದರು ರಿಪೇರಿಯವರು. "ಒಂದು ಪೆಟ್ಟಿಗೆ ಗಾಳೀನ ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆದ್ರೆ ಒಂದನ್ನೊಂದು ತಿಂದ್ಹಾಕ್ತವೆ, ದನಿ ಸೊರಗುತ್ತೆ. ಹಾಗಾದ್ರೆ ಪಕ್ಕದಲ್ಲಿರೋ ಈ ಚಿಕ್ಕ ಸ್ವಿಚ್ ತಿರುಗಿಸಿ. ನಿಮಗೆ ಹೇಳಿಕೊಡಬೇಕಾ, ಕೇಳಿದ ತಕ್ಷಣ ಗೊತ್ತಾಗುತ್ತೆ."

ಅವನು ನಡುವೆ ನಿಂತು ಕೇಳಲಿಲ್ಲ. ಹೊಸ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಮೀಟಿದ. ಬಲಗಿವಿ ತುಂಬಿತು. ಕೆಂಪು, ಹಸಿರು ಎರಡೂ ಉರಿಯುತ್ತಿದ್ದವು. ಎಷ್ಟೋ ದಿನದ ಮೇಲೆ ತನ್ನ ಗಿಟಾರ್ ತನಗೆ ಕೇಳಿದ ಖುಷಿಯಲ್ಲಿ ಅವನ ಕಣ್ಣು ಒದ್ದೆಯಾಯಿತು. ಅಕ್ಕನ ಪಕ್ಕದ ಪೆಟ್ಟಿಗೆ ಏನು ಹೇಳುತ್ತಿದೆ ಎಂಬುದಕ್ಕೆ ಕೆಂಪು ದೀಪವೇ ಸಾಕ್ಷಿ ಎಂದುಕೊಂಡ.

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ತಿಳಿಯುವುದಿಲ್ಲವೇ? ಮೊದಲ ಸಂಜೆಯೇ ಅಕ್ಕ ಗೊಣಗಿದಳು. "ನಿನ್ನ ಗಿಟಾರ್ ಯಾಕೋ ಜ್ವರ ಬಿದ್ದು ಎದ್ದವರ ಥರ ಇದೆಯಲ್ಲೋ." ಅವನು ತಪ್ಪನ್ನು ಹೋಟೆಲಿನ ಕರೆಂಟಿನ ಮೇಲೆ ಹಾಕಿದ. ಎರಡನೆಯ ಸಂಜೆ ಮ್ಯಾನೇಜರೇ ಬಂದು ಗಿಟಾರ್ ನೀರಾಗಿದೆ ಎಂದು ಹೇಳಿ ಹೋದ. ಅವನು ಹೋದ ಮೇಲೆ ಭಾವ, "ಫ್ಯಾನ್ ಕೆಟ್ಟಿದೆ ಅಂತ ತಿಂಗಳಿಂದ ಬಡ್ಕೋತಿದೀನಿ, ಕಿವುಡನ ಮುಂದೆ ಶಂಖ ಊದಿದ ಹಾಗೆ. ಗಿಟಾರ್ ಮಾತ್ರ ಕೇಳಿಸ್ತಂತೆ" ಎಂದು ನಕ್ಕ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ತಮ್ಮನ ಕೈ ತಾನಾಗಿ ಎಡಗಿವಿಗೆ ಹೋಯಿತು. ಅಕ್ಕ ಅದನ್ನು ನೋಡಿದಳು.

ಮರುದಿನ ಮೇಷ್ಟ್ರಿಗೆ ಶಾಲೆ ರಜ, ಮಧ್ಯಾಹ್ನವೇ ಅಭ್ಯಾಸಕ್ಕೆ ಸೇರಿದರು. ಮೇಜುಗಳ ಮೇಲೆ ಕುರ್ಚಿಗಳನ್ನು ಬೋರಲು ಹಾಕಿ ಒಬ್ಬ ಕೆಲಸದವ ನೆಲ ಒರೆಸುತ್ತಿದ್ದ. ಮೇಷ್ಟ್ರು ಕೀಬೋರ್ಡ್ ಬಿಟ್ಟು ಹಾಲ್‌ನ ನಡುವೆ ಹೋಗಿ ನಿಂತರು. "ನೀವು ನುಡಿಸ್ತಾ ಇರಿ" ಎಂದರು. ಕೇಳಿದರು. ವಾಪಸ್ ಬಂದು, ಬಗ್ಗಿ, ಪೆಡಲ್ಲಿನ ಪಕ್ಕದ ಚಿಕ್ಕ ಸ್ವಿಚ್ ತಿರುಗಿಸಿದರು.

"ಅಬ್ಬಾ" ಎಂದಳು ಅಕ್ಕ. ಭಾವ ಕೋಲು ಕೆಳಗಿಟ್ಟ. ನೆಲ ಒರೆಸುತ್ತಿದ್ದವನೂ ತಲೆ ಎತ್ತಿ ನೋಡಿದ. ಸೊರಗಿದ್ದ ಗಿಟಾರ್ ಹಾಲ್ ತುಂಬ ಮೈ ತುಂಬಿಕೊಂಡು ನಿಂತಿತ್ತು. ತಮ್ಮನಿಗೆ ಮಾತ್ರ ಏನೂ ಬದಲಾದಂತೆ ತೋರಲಿಲ್ಲ. ಎಲ್ಲರ ಮುಖ ನೋಡಿ, ಒಂದು ಗಳಿಗೆ ತಡವಾಗಿ, "ಹೂಂ, ಈಗ ಸರಿ ಆಯ್ತು" ಎಂದ.

"ಸೂಕ್ಷ್ಮಪ್ಪಂಗೆ ಇದು ಗೊತ್ತಾಗಲಿಲ್ವೇನೋ?" ಎಂದ ಭಾವ. ತಮಾಷೆಗೆಂದು ಶುರುವಾದ ಮಾತು ನಡುವೆಯೇ ತಣ್ಣಗಾಯಿತು.

ಅಕ್ಕ ನೀರು ಕುಡಿದಳು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಆ ನಿಧಾನದ ಹಾಡು ಒಂದ್ಸಲ ನೋಡೋಣ. ನಡುವೆ ನಿಂದು ಬರುತ್ತಲ್ಲ, ಅಲ್ಲಿ ಹಳೇ ಪೆಟ್ಟಿಗೆ ಒಂದೇ ಇರಲಿ" ಎಂದಳು.

ತನ್ನ ಗಿಟಾರ್ ತನಗೆ ಕೇಳದೆ ನುಡಿಸುವುದು ಅವನಿಗೆ ಹೊಸದಲ್ಲ. ಆ ಭಾಗ ಬಂದಾಗ ಪೆಡಲ್ ಒತ್ತಿದ. ಹಸಿರು ಆರಿತು, ಕೆಂಪು ಉಳಿಯಿತು. ಬಲಗಡೆ ಮೇಷ್ಟ್ರ ಕೀಬೋರ್ಡ್ ಮೆಲ್ಲಗೆ ಹರಿಯುತ್ತಿತ್ತು, ಹಿಂದೆ ಭಾವನ ತಾಳ. ಅದರ ಅಡಿಯಲ್ಲೆಲ್ಲೋ ತನ್ನ ಗಿಟಾರ್ ಇದೆ ಎಂದು ನಂಬಿಕೊಂಡು ಅವನು ಕಣ್ಣು ಮುಚ್ಚಿದ. ಬೆರಳಿಗೆ ದಾರಿ ಗೊತ್ತಿತ್ತು. ಮೇಲಿನ ಸ್ವರವನ್ನು ಬೇಕೆಂದೇ ತಡೆದು, ತಂತಿ ಎಳೆದು, ಅಳಿಸುವ ಹಾಗೆ ಇಳಿಸಿದ. ಇಷ್ಟು ಚೆನ್ನಾಗಿ ಎಂದೂ ನುಡಿಸಿಲ್ಲ ಅನ್ನಿಸಿತು. ಮುಗಿಸಿ ಕಣ್ಣು ಬಿಟ್ಟು ಕೇಳಿದ, "ಹೇಗಿತ್ತು ಅಕ್ಕ?"

ಅಕ್ಕ ಹಳೇ ಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ಅದರಿಂದ ಕಿತ್ತ ಕೇಬಲ್ಲಿನ ತುದಿ ಇತ್ತು.

"ಚೆನ್ನಾಗಿತ್ತು ಕಣೋ" ಎಂದಳು.

ಮೇಷ್ಟ್ರು ಕೀಬೋರ್ಡಿನ ಮೇಲೆ ಇಲ್ಲದ ಧೂಳು ಒರೆಸತೊಡಗಿದರು. ಭಾವ ಎದ್ದು ಅಡುಗೆಮನೆಯ ಬಾಗಿಲಿನ ಕಡೆ ನಡೆದುಬಿಟ್ಟ. ತಮ್ಮ ಆ ಕೇಬಲ್ ನೋಡಿದ, ಅಕ್ಕನ ಮುಖ ನೋಡಿದ. ಹಾಡಿನ ವಿಷಯದಲ್ಲಿ ಅವಳು ಸುಳ್ಳು ಹೇಳಿದ್ದನ್ನು ಅವನು ಕಂಡದ್ದು ಅದೇ ಮೊದಲು. ಬೈದಿದ್ದರೆ ಬದುಕಿಕೊಳ್ಳಬಹುದಿತ್ತು. ಅಯ್ಯೋ ಪಾಪ ಅನ್ನಿಸಿಕೊಂಡ ಮೇಲೆ ತಂಡದಲ್ಲಿ ಜಾಗ ಇರುವುದಿಲ್ಲ ಎಂದು ಅವನಿಗೆ ಅರ್ಥವಾಯಿತು.

ಅವಳು ಬಂದು ಅವನ ಬಲಗಡೆಗೆ, ಬೇಕೆಂದೇ ಬಲಗಡೆಗೆ, ಸುತ್ತಿ ನಿಂತಳು. "ಯಾವಾಗಿಂದ?"

"ಬೇಸಿಗೆಯಿಂದ."

"ಡಾಕ್ಟರ್ ಏನಂದ್ರು?"

ಹೇಳಿದ. ಎಲ್ಲ ಹೇಳಿದ. ಬಲಗಿವಿ ಸವೆಯುತ್ತಿರುವುದನ್ನು ಹೇಳುವಾಗ ಅವಳು ಸ್ಟೂಲಿನ ಮೇಲಿದ್ದ ಹೊಸ ಪೆಟ್ಟಿಗೆಯನ್ನೂ ಅದು ತಿರುಗಿದ್ದ ದಿಕ್ಕನ್ನೂ ನೋಡಿದಳು.

"ಇರೋ ಒಂದು ಕಿವಿಗೂ ದಿನಾ ಕೊಡಲಿ ಹಾಕ್ತಿದ್ಯಾ. ನನಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಕಳಿಸ್ತಿದ್ದೆ."

"ಹೌದು, ಕಳಿಸ್ತಿದ್ದೆ" ಎಂದಳು ಅಕ್ಕ. "ಈಗಲೂ ಕಳಿಸ್ತಿದೀನಿ. ನೀನು ಕಿವುಡಾಗೋದನ್ನ ಪಕ್ಕದಲ್ಲಿ ನಿಂತು ಹಾಡ್ಕೊಂಡು ನೋಡು ಅಂತೀಯಾ? ನನ್ನ ಕೈಲಿ ಆಗಲ್ಲ. ಗಿಟಾರ್ ಒಳಗಿಡು. ಮನೆಗೆ ಹೋಗು."

"ನಿನಗೆ ಸ್ವರ ಯಾರು ಕೊಡ್ತಾರೆ?"

ಅವಳು ಕೇಬಲ್ ಸುತ್ತತೊಡಗಿದಳು. ಆ ಮೌನವನ್ನು ಅವನು ತನಗೆ ಬೇಕಾದಂತೆ ಅರ್ಥ ಮಾಡಿಕೊಂಡ. ಒಂದು ಸಂಜೆ ಕಷ್ಟಪಡಲಿ, ತಾನಾಗಿ ಕರೆಯುತ್ತಾಳೆ, ವೇದಿಕೆಯ ಮೇಲಲ್ಲದಿದ್ದರೂ ಪಕ್ಕದಲ್ಲೆಲ್ಲಾದರೂ ಕೂರಿಸಿ ಸ್ವರ ಕೊಡು ಎನ್ನುತ್ತಾಳೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ.

ಅವನು ಮನೆಗೆ ಹೋಗಲಿಲ್ಲ. ಸಂಜೆ ಜನ ತುಂಬಿದ ಮೇಲೆ ಹಿಂಬದಿಯ ಬಾಗಿಲಿನಿಂದ ಬಂದು ಕಂಬದ ಮರೆಯ ಮೇಜಿನಲ್ಲಿ, ಬಲಗಿವಿ ವೇದಿಕೆಯ ಕಡೆ ಬರುವಂತೆ ಕುರ್ಚಿಯನ್ನು ವಾರೆ ಮಾಡಿಕೊಂಡು ಕೂತ. ಮಾಣಿ ಗುರುತು ಹಿಡಿದು ನೀರು ಇಟ್ಟು ಹೋದ. ವೇದಿಕೆಯ ಮೇಲೆ ಅವನು ನಿಲ್ಲುತ್ತಿದ್ದ ಕಡೆಗೆ ಮೇಷ್ಟ್ರ ಕೀಬೋರ್ಡ್ ಸರಿದಿತ್ತು. ಎರಡು ಪೆಟ್ಟಿಗೆಗಳೂ ಇರಲಿಲ್ಲ. ಭಾವ ತಲೆ ಬಗ್ಗಿಸಿ ಕೂತಿದ್ದ.

ಅಕ್ಕ ಮೈಕಿನ ಮುಂದೆ ಬಂದಳು. ಮೇಷ್ಟ್ರು ಒಂದು ಸ್ವರ ಒತ್ತಿದರು, ಸಾದಾ ಸ್ವರ, ಶಾಲೆಯ ಗಂಟೆಯ ಹಾಗೆ. ತಮ್ಮ ಮುಂದಕ್ಕೆ ಬಾಗಿ ಕೂತ. ಈಗ ತಡವರಿಸುತ್ತಾಳೆ ಎಂದುಕೊಂಡ. ತಪ್ಪಲಿ, ಒಂದೇ ಒಂದು ಸಲ ತಪ್ಪಲಿ ಎಂದು ಮನಸ್ಸು ಬೇಡಿಕೊಂಡಿತು. ಎತ್ತಿ ಆಡಿಸಿದ ಅಕ್ಕನಿಗೆ ತುಂಬಿದ ಸಭೆಯಲ್ಲಿ ಅವಮಾನವಾಗಲಿ ಎಂದು ಹಾರೈಸುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ನಾಚಿಕೊಂಡೂ ಹಾರೈಸಿದ.

ಅಕ್ಕ ಬಾಯಿ ತೆರೆದಳು. ಸ್ವರ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಮೊದಲ ಸಾಲು ಮುಗಿಸಿ ಎರಡನೆಯದಕ್ಕೆ ಹೋದಳು, ಅಲ್ಲಿಂದ ಮೇಲಕ್ಕೆ ಏರಿದಳು. ಎಲ್ಲಿಯೂ ಕಾಲು ಜಾರಲಿಲ್ಲ. ಊಟ ಮಾಡುತ್ತಿದ್ದವರು ಎಂದಿನಂತೆ ಮಾತಾಡಿಕೊಂಡು ಊಟ ಮಾಡಿದರು. ಮ್ಯಾನೇಜರ್ ಕೌಂಟರಿನಲ್ಲಿ ಬೆರಳಾಡಿಸುತ್ತ ತಾಳ ಹಾಕುತ್ತಿದ್ದ. ನಡುವೆ ಗಿಟಾರ್ ಬರಬೇಕಾದ ಜಾಗ ಬಂತು. ಅದನ್ನು ಅವಳು ಮೇಷ್ಟ್ರಿಗೂ ಬಿಡದೆ ತಾನೇ ಗುನುಗಿ ದಾಟಿದಳು. ಅವನು ನುಡಿಸುತ್ತಿದ್ದುದನ್ನೇ, ಅವನು ತಡೆಯುತ್ತಿದ್ದ ಕಡೆ ತಡೆದು, ಇಳಿಸುತ್ತಿದ್ದ ಕಡೆ ಇಳಿಸಿ. ಅದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಇಷ್ಟು ವರ್ಷ ಅವಳಿಗೆ ತಾನು ಬೇಕಾಗಿದ್ದೆನೋ, ಬೇಕು ಎಂದು ತಾನು ಅಂದುಕೊಳ್ಳಲಿ ಅಂತ ಅವಳು ಬಿಟ್ಟಿದ್ದಳೋ, ಅದನ್ನು ಇನ್ನು ಯಾರನ್ನು ಕೇಳುವುದು?

ಹಾಡು ಮುಗಿಯುವವರೆಗೂ ಅವಳು ಒಂದು ಸಲವೂ ಅವನು ನಿಲ್ಲುತ್ತಿದ್ದ ಕಡೆಗೆ ತಿರುಗಲಿಲ್ಲ. ಅವನ ಬಲಗಿವಿಗೆ ಎಲ್ಲವೂ ಸ್ಪಷ್ಟವಾಗಿ ಕೇಳಿಸಿತು.