ಹನ್ನೊಂದು ಪಾಯಿಂಟ್ ನಾಲ್ಕು

೧

ಎಲ್ಲಿಂದ ಶುರು ಮಾಡಲಿ? ನಕಾಶೆಯಿಂದಲೋ, ತೋಳಿನಿಂದಲೋ?

ನಕಾಶೆಯಿಂದಾದರೆ ನಾನು ಜಾಣನಂತೆ ಕಾಣುತ್ತೇನೆ. ಎಲ್ಲ ಸೀಮೆಗಳಿಂದ ಮಕ್ಕಳ ತೋಳಿನ ಸುತ್ತಳತೆ ನನ್ನ ಕಂಪ್ಯೂಟರಿಗೆ ಬರುತ್ತದೆ. ನಾನು ಬಣ್ಣ ಹಚ್ಚುತ್ತೇನೆ. ಹನ್ನೊಂದೂವರೆ ಸೆಂಟಿಮೀಟರಿಗಿಂತ ಸಣ್ಣ ತೋಳೆಂದರೆ ತೀವ್ರ ಅಪೌಷ್ಟಿಕತೆ; ಅಂಥವು ಹೆಚ್ಚಾದಲ್ಲಿ ಕೆಂಪು. ಕೆಂಪು ಸೀಮೆಗೆ ಪೌಷ್ಟಿಕ ಆಹಾರದ ಪೊಟ್ಟಣಗಳು ಹೋಗುತ್ತವೆ. ಕರಾವಳಿ ಹಸಿರು. ಗುಡ್ಡದ ಸೀಮೆ ಕೆಂಪು.

(ಮೊದಲ ಡ್ರಾಫ್ಟ್ ಇಲ್ಲಿಗೇ ನಿಂತಿತು. ಬಣ್ಣಗಳು ಉಸಿರಾಡುವುದಿಲ್ಲ.)

೨

ಎರಡನೆಯದು ಪತ್ತೇದಾರಿ ಡ್ರಾಫ್ಟ್. ಗುಡ್ಡದ ಸೀಮೆಯಿಂದ ಒಂದೇ ವಾರ ಬಂದ ಆರು ಮಕ್ಕಳ ತೋಳುಗಳಿಗೂ ಒಂದೇ ಅಳತೆ: ೧೧.೪. ಆರೂ ಒಬ್ಬಳೇ ಆರೋಗ್ಯ ಕಾರ್ಯಕರ್ತೆ ಅಳೆದದ್ದು. ಊರಲ್ಲಿ ಅವಳನ್ನು ಟೇಪ್ ಅಕ್ಕ ಎನ್ನುತ್ತಾರೆ. ಸುಳ್ಳೆಂದು ಸಾಬೀತಾದರೆ ಅವಳ ಅಂಕಿಗಳನ್ನೆಲ್ಲ ಅಳಿಸಬೇಕು. ಆಗ ಉಳಿಯುವುದು ಪೇಟೆಯ ಮಕ್ಕಳ ದುಂಡು ತೋಳುಗಳಷ್ಟೆ. ಸೀಮೆ ಹಸಿರಾಗುತ್ತದೆ, ಬರಬೇಕಾದ ಪೊಟ್ಟಣಗಳು ನಿಲ್ಲುತ್ತವೆ.

ವಿಚಾರಿಸಲು ನಾನೇ ಹೊರಟೆ. (ಓದುಗರೇ, ತಪ್ಪಿತಸ್ಥ ಯಾರೆಂದು ನಿಮಗೆ ಈಗಾಗಲೇ ಹೊಳೆದಿದ್ದರೆ ದಯವಿಟ್ಟು ಸುಮ್ಮನಿರಿ. ಬಸ್ಸಿನಲ್ಲಿ ಕೂತಿದ್ದ ನನಗೆ ಹೊಳೆದಿರಲಿಲ್ಲ.)

೩

ಒಂದು ಕೋಣೆ, ಒಂದು ಚಾಪೆ. ಅಜ್ಜಿಯ ಮಡಿಲಲ್ಲಿ ಆ ಆರರಲ್ಲೊಬ್ಬಳು, ಹದಿನಾಲ್ಕು ತಿಂಗಳ ಮೊಮ್ಮಗಳು.

"ಆರೂ ಮಕ್ಕಳಿಗೆ ಒಂದೇ ಅಳತೆ ಹೇಗಕ್ಕ?"

"ನೀವೇ ಅಳೆದು ನೋಡಿ ಸಾರ್. ಟೇಪ್ ಏನು ಕಚ್ಚಲ್ಲ," ಎಂದಳು ಟೇಪ್ ಅಕ್ಕ.

"ಬಿಗಿ ಮಾಡಬೇಡಪ್ಪ," ಎಂದಳು ಅಜ್ಜಿ. "ಅದಕ್ಕಿರೋದೇ ಅಷ್ಟು."

ಭುಜಕ್ಕೂ ಮೊಣಕೈಗೂ ನಡುವೆ ಟೇಪ್ ಸುತ್ತಿದೆ. ಓದಿದೆ. ಬಿಚ್ಚಿ ಮತ್ತೆ ಸುತ್ತಿದೆ.

೯.೮.

"ಮತ್ತೆ ಹನ್ನೊಂದು ಪಾಯಿಂಟ್ ನಾಲ್ಕು ಅಂತ ಯಾಕೆ ಬರೆದ್ರಿ?"

"ಮೊದಲು ಇದ್ದದ್ದನ್ನೇ ಬರೀತಿದ್ದೆ. ಹತ್ತಕ್ಕಿಂತ ಕಮ್ಮಿ ಬರೆದ್ರೆ ನಿಮ್ಮ ಕಂಪ್ಯೂಟರು 'ಅಸಾಧ್ಯ' ಅಂತ ವಾಪಸ್ ಕಳಿಸೋದು. ಮಗು ಪಟ್ಟೀಲೇ ಇರ್ತಿರಲಿಲ್ಲ. ಏನು ಮಾಡ್ಲಿ? ಕೆಂಪೂ ಆಗ್ಬೇಕು, ನೀವೂ ನಂಬಬೇಕು."

ಆ ನಿಯಮ ಬರೆದವನು ನಾನು. ಒಂದು ಮಧ್ಯಾಹ್ನ, ಕರಾವಳಿಯ ಅಂಕಿಗಳನ್ನು ಮುಂದಿಟ್ಟುಕೊಂಡು, ಐದೇ ನಿಮಿಷದಲ್ಲಿ.

೪

ಟೇಪಿನಡಿ ನಾಡಿ ಬಡಿಯುತ್ತಿತ್ತು. ಅಸಾಧ್ಯವೆಂದು ನಾನು ತೀರ್ಮಾನಿಸಿದ್ದ ತೋಳು ಮೆಲ್ಲಗೆ ಮೇಲೆದ್ದು ನನ್ನ ಕನ್ನಡಕ ಕಿತ್ತುಕೊಂಡಿತು. ಮಗು ನಕ್ಕಿತು. ಎರಡೇ ಹಲ್ಲು. ಇಷ್ಟು ಕಡಿಮೆಯಲ್ಲಿ ಒಂದು ಜೀವ ಇಷ್ಟು ಪೂರ್ತಿಯಾಗಿ ಇರಬಲ್ಲದೆಂದು ನನಗೆ ಯಾರೂ ಹೇಳಿರಲಿಲ್ಲ.

(ಇಲ್ಲಿ ಒಂದು ಒಳ್ಳೆಯ ವಾಕ್ಯ ಬರಬೇಕಿತ್ತು. ನಾಲ್ಕು ಬರೆದು ಹೊಡೆದುಹಾಕಿದೆ.)

೫

ಅಂತ್ಯ ಒಂದು: ನಿಯಮ ಅಳಿಸುತ್ತೇನೆ, ೯.೮ ಎಂದೇ ದಾಖಲಿಸುತ್ತೇನೆ, ಮರುದಿನವೇ ಪೊಟ್ಟಣಗಳು ಬರುತ್ತವೆ, ಮಗು ಅಂಗಳದ ತುಂಬ ಓಡುತ್ತದೆ.

"ಕಥೇಲಿ ಬೇಗ ಬರತ್ತೆ ಸಾರ್," ಎಂದಳು ಟೇಪ್ ಅಕ್ಕ. "ಇಲ್ಲಿ ತಿಂಗಳು ಹಿಡಿಯತ್ತೆ."

ಅಂತ್ಯ ಎರಡು: ಪೊಟ್ಟಣಗಳು ಬರುವಷ್ಟರಲ್ಲಿ ಮಗು

"ಅದನ್ನ ಬರೀಬೇಡಪ್ಪ," ಎಂದಳು ಅಜ್ಜಿ. ಬರೆಯಲಿಲ್ಲ.

ಹಾಗಾಗಿ ಈಗ ಇರುವುದು ಇಷ್ಟು. ಚಾಪೆಯ ಮೇಲೆ ಲ್ಯಾಪ್‌ಟಾಪ್ ತೆರೆದಿದೆ. 'ಈ ನಿಯಮವನ್ನು ಅಳಿಸಬೇಕೆ?' ಎಂದು ಪರದೆ ಕೇಳುತ್ತಿದೆ. ಒಂದು ಗುಂಡಿ ಒತ್ತಿದರೆ ಸಾಕು. ಆದರೆ ಬೆರಳನ್ನು ಮಗು ಹಿಡಿದುಕೊಂಡಿದೆ, ಬಿಡುತ್ತಿಲ್ಲ.

ಇನ್ನೊಂದು ಕೈ ಇದೆಯಲ್ಲ ಎನ್ನುತ್ತೀರಿ. ಇದೆ. ಅದರಲ್ಲಿ ಟೇಪ್ ಇದೆ. ಬಾಗಿಲಲ್ಲಿ ಇನ್ನೂ ಐದು ಮಕ್ಕಳು ಅಳತೆಗೆ ಕಾಯುತ್ತಿದ್ದಾರೆ.